ಫಿಲ್ಮ್ ಬಿಟ್ಟರೆ ಹಣ ಉಳಿಯುತ್ತದೆಯೇ?

ಫಿಲ್ಮ್ ಕ್ಯಾಮೆರಾ ಬಿಟ್ಟು ಡಿಜಿಟಲ್ ಕ್ಯಾಮೆರಾ ಹಿಡಿದರೆ ಖರ್ಚು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ರೀಲು ಕೊಳ್ಳುವ, ತೊಳೆಸುವ ಖರ್ಚು ಖಂಡಿತ ಉಳಿಯುತ್ತದೆ. ಆದರೆ 36 ಚಿತ್ರಗಳ ರೀಲಿನಲ್ಲಿ ಲೆಕ್ಕ ಹಾಕಿ ಒತ್ತುತ್ತಿದ್ದ ಬೆರಳು ಈಗ ಒಂದೇ ಮದುವೆಯಲ್ಲಿ 2,000 ಬಾರಿ ಒತ್ತುತ್ತದೆ. 24 ಮೆಗಾಪಿಕ್ಸೆಲ್‌ನ ರಾ ಕಡತಕ್ಕೆ (ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಕೊಡುವ ಚಿತ್ರ) ಸುಮಾರು 30 ಎಂಬಿ ಎಂದರೂ 60 ಜಿಬಿ ಆಯಿತು. ಅದನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಲೇಬೇಕು. ನಾನು ಒಂದರಲ್ಲೇ ಇಟ್ಟಿದ್ದೆ. ಒಂದು ಬೆಳಿಗ್ಗೆ ಅದು ಟಕ್ ಟಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಮಗಳ ಮೊದಲ ವರ್ಷದ ಚಿತ್ರಗಳೆಲ್ಲ ಹೋದವು. ಅಪ್ಪ ತೆಗೆದ ಕಪ್ಪು-ಬಿಳುಪು ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಇಂದಿಗೂ ಇವೆ. ಬೆಳಕಿಗೆ ಹಿಡಿದರೆ ಅಜ್ಜಿಯ ಮೂಗುತಿಯ ಹೊಳಪು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ತಿಂಗಳಿಗೆ ಒಂದು ರೀಲು ಮಾತ್ರ ತೆಗೆಯುವವರಾದರೆ ಫಿಲ್ಮನ್ನೇ ಮುಂದುವರಿಸಿ. ಹೆಚ್ಚಾದರೆ ಡಿಜಿಟಲ್ಲೇ ಸರಿ, ಡಿಸ್ಕ್‌ಗಳ ಹಣವನ್ನು ಮೊದಲೇ ತೆಗೆದಿಡಿ.