ಕಾಲ್ಗೆಜ್ಜೆ ಕಪ್ಪಾದ್ರೆ ಮೈಯಲ್ಲಿ ಉಷ್ಣನಾ? ಬೆಳ್ಳಿ ಬಗ್ಗೆ ನಿಮ್ಮ ಪ್ರಶ್ನೆಗಳು

ವರಮಹಾಲಕ್ಷ್ಮಿ ಹಬ್ಬ ಹತ್ರ ಬಂದ್ರೆ ಸಾಕು, ಬೀರು ಒಳಗಿನ ಬೆಳ್ಳಿ ಎಲ್ಲಾ ಹೊರಗೆ ಬರುತ್ತೆ, ಅದರ ಹಿಂದೆನೇ ನಿಮ್ಮ ಪತ್ರಗಳೂ ಬರ್ತವೆ.

ಅಕ್ಕಾ, ಮದ್ವೆಯಾಗಿ ಎಂಟು ತಿಂಗಳಾಯ್ತು, ತವರಲ್ಲಿ ಕೊಟ್ಟ ಕಾಲ್ಗೆಜ್ಜೆ, ಕಾಲುಂಗುರ ಎರಡೂ ಕಪ್ಪಾಗಿವೆ. ನಮ್ಮತ್ತೆ ನಿಂಗೆ ಉಷ್ಣ ಜಾಸ್ತಿ ಅಂತಾರೆ, ಓರಗಿತ್ತಿ ಬೆಳ್ಳಿನೇ ಕಲಬೆರಕೆ ಅಂತಾಳೆ. ಯಾವ್ದು ನಿಜ? (ಓದುಗರು, ದಾವಣಗೆರೆ)

ಎರಡೂ ಅಲ್ಲ ಕಣ್ರೀ. ಬೆಳ್ಳಿಗೆ ಗಂಧಕ ತಾಗಿದ್ರೆ ಮೇಲೆ ತೆಳ್ಳಗೆ ಒಂದು ಕಪ್ಪು ಪದರ ಕೂರುತ್ತೆ, ಅಷ್ಟೇ ಕಥೆ. ಗಂಧಕ ಎಲ್ಲಿಂದ ಬಂತು ಅಂದ್ರೆ, ಗಾಳಿಯಲ್ಲೇ ಚೂರುಪಾರು ಇರುತ್ತೆ, ಮೊಟ್ಟೆ, ಈರುಳ್ಳಿಯಲ್ಲಿದೆ, ಮೊಡವೆಗೆ ಕಜ್ಜಿಗೆ ಹಚ್ಚೋ ಕೆಲವು ಮುಲಾಮಲ್ಲಿದೆ, ಕೆಲವು ಬೋರ್‌ವೆಲ್ ನೀರು ಕೊಳೆತ ಮೊಟ್ಟೆ ಥರ ವಾಸನೆ ಬರುತ್ತಲ್ಲ ಅದೂ ಇದೇ. ಬೆವರು ಜಾಸ್ತಿ ಇದ್ದೋರಿಗೆ ಬೇಗ ಕಪ್ಪಾಗುತ್ತೆ ಅನ್ನೋದು ನಿಜ, ಅದನ್ನೇ ಹಿರಿಯರು ಉಷ್ಣ ಅಂದಿರಬೇಕು, ಆದ್ರೆ ಅದು ಕಾಯಿಲೆ ಅಲ್ಲ. ಇನ್ನು ಕಲಬೆರಕೆ ವಿಷಯ. 925 ಅಂತ ಮುದ್ರೆ ಇದ್ರೆ 1000 ಪಾಲಲ್ಲಿ 925 ಬೆಳ್ಳಿ, ಮಿಕ್ಕ 75 ಸಾಮಾನ್ಯವಾಗಿ ತಾಮ್ರ. ತಾಮ್ರ ಸೇರಿಸದೇ ಇದ್ರೆ ಗೆಜ್ಜೆ ಬಗ್ಗಿ ಹೋಗುತ್ತೆ, ಅಷ್ಟು ಮೆತ್ತಗೆ ಬೆಳ್ಳಿ. ತಾಮ್ರ ಜಾಸ್ತಿ ಆದಷ್ಟೂ ಬೇಗ ಕಪ್ಪಾಗುತ್ತೆ ಹೌದು, ಆದ್ರೆ ಅಪ್ಪಟ ಬೆಳ್ಳಿನೂ ಕಪ್ಪಾಗೇ ಆಗುತ್ತೆ. ಅದನ್ನ ನಿಮ್ಮ ಓರಗಿತ್ತಿಗೆ ತೋರಿಸಿ, ಅತ್ತೆಗೆ ಬೇಡ.

ಟೂತ್‌ಪೇಸ್ಟ್ ಹಾಕಿ ಉಜ್ಜಿದ್ರೆ ಫಳಫಳ ಅನ್ನುತ್ತೆ ಅಂತ ಎಲ್ರೂ ಹೇಳ್ತಾರೆ, ಮಾಡಬಹುದಾ? (ಓದುಗರು, ಶಿವಮೊಗ್ಗ)

ಫಳಫಳ ಅನ್ನುತ್ತೆ, ಯಾಕಂದ್ರೆ ಕಪ್ಪಿನ ಜೊತೆ ಬೆಳ್ಳಿನೂ ಸವೆದು ಹೋಗಿರುತ್ತೆ. ಪೇಸ್ಟಲ್ಲಿ ಸಣ್ಣ ಗರಸು ಇರುತ್ತೆ, ಒಂದ್ಸಲ ಉಜ್ಜಿದ ಚೈನನ್ನ ಕಿಟಕಿ ಬೆಳಕಿಗೆ ಹಿಡಿದು ಓರೆಯಾಗಿ ನೋಡಿ, ಕೂದಲೆಳೆ ಥರ ಗೀರು ಕಾಣ್ತವೆ. ನಮ್ಮಜ್ಜಿ ವಿಭೂತಿ ಹಾಕಿ ಉಜ್ಜೋರು, ಅದು ಪೇಸ್ಟ್‌ಗಿಂತ ನಯ, ಆದ್ರೂ ಅದೂ ಉಜ್ಜೋದೇ.

ಉಜ್ಜದೇ ಕಪ್ಪು ತೆಗೆಯೋದು ಹೀಗೆ. ಒಂದು ಗಾಜಿನ ಬೌಲ್ ಒಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಗೆಜ್ಜೆನ ಅದಕ್ಕೆ ತಾಗೋ ಹಾಗೆ ಇಡಿ (ತಾಗಲಿಲ್ಲ ಅಂದ್ರೆ ಕೆಲಸ ಆಗಲ್ಲ), ಒಂದು ದೊಡ್ಡ ಚಮಚ ಅಡುಗೆ ಸೋಡಾ ಉದುರಿಸಿ ಮುಳುಗೋಷ್ಟು ಚೆನ್ನಾಗಿ ಕಾದ ನೀರು ಸುರೀರಿ. ನೊರೆ ಬಂದು ಮೊಟ್ಟೆ ವಾಸನೆ ಹೊಡೆಯುತ್ತೆ, ಹೆದರಬೇಡಿ, ಬೆಳ್ಳಿ ಮೇಲಿದ್ದ ಗಂಧಕ ಬಿಟ್ಕೊಂಡು ಹೋಗ್ತಿದೆ ಅಂತ ಅರ್ಥ. ಕಪ್ಪಾಗಿದ್ದ ಬೆಳ್ಳಿ ಅಲ್ಲೇ ವಾಪಸ್ ಬೆಳ್ಳಿ ಆಗುತ್ತೆ, ಸವೆಯಲ್ಲ. ಐದು ನಿಮಿಷ ಬಿಟ್ಟು ತೊಳೆದು ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ, ಕೊಂಡಿ ಸಂದಿಯಲ್ಲಿ ನೀರು ನಿಲ್ಲದಂಗೆ ಫ್ಯಾನ್ ಕೆಳಗೆ ಹರಡಿ.

ಈಗ ನನ್ನ ದಡ್ಡತನ ಕೇಳಿ. ಇದೇ ನೀರಿಗೆ ನನ್ನ ಆಕ್ಸಿಡೈಸ್ಡ್ ಜುಮ್ಕಿನೂ ಹಾಕ್ಬಿಟ್ಟೆ. ಅದರ ಹೂವಿನ ಕೆತ್ತನೆ ಎದ್ದು ಕಾಣೋಕೆ ಅಂತ ಸಂದಿಯಲ್ಲಿ ಬೇಕಂತಲೇ ಕಪ್ಪು ಮಾಡಿರ್ತಾರೆ, ಆ ಕಪ್ಪೂ ಹೋಗಿ ಜುಮ್ಕಿ ಸ್ಟೀಲ್ ಚಮಚದ ಹಾಗೆ ಬೋಳು ಬೋಳಾಗಿ ಹೊರಗೆ ಬಂತು. ಆಕ್ಸಿಡೈಸ್ಡ್, ಮುತ್ತು, ಹವಳ, ಅಂಟು ಹಾಕಿ ಕೂರಿಸಿದ ಕಲ್ಲು, ಮೀನಾಕಾರಿ ಬಣ್ಣ ಇದ್ದದ್ದು ಯಾವ್ದನ್ನೂ ಇದರಲ್ಲಿ ಹಾಕಬೇಡಿ. ಅವಕ್ಕೆಲ್ಲ ಒದ್ದೆ ಬಟ್ಟೆ ಸಾಕು. ಮುತ್ತು ಹವಳಕ್ಕೆ ನಿಂಬೆಹಣ್ಣು, ಹುಣಸೆಹಣ್ಣಂತೂ ತೋರಿಸಲೂ ಬೇಡಿ, ಹುಳಿಗೆ ಅವು ಕರಗ್ತವೆ.

ದೇವರ ಮನೆ ಬೆಳ್ಳಿ ದೀಪಕ್ಕೆ ಫಾಯಿಲ್ ಮಾಡಿದ್ರೂ ಕಪ್ಪು ಹೋಗ್ಲಿಲ್ಲ. (ಓದುಗರು, ಮೈಸೂರು)

ಅದು ಆ ಕಪ್ಪಲ್ಲ, ಎಣ್ಣೆ ಜಿಡ್ಡು ಮತ್ತೆ ಮಸಿ. ಬಿಸಿನೀರಿಗೆ ಪಾತ್ರೆ ಸೋಪಿನ ಲಿಕ್ವಿಡ್ ಎರಡು ಹನಿ ಹಾಕಿ ಅರ್ಧ ಗಂಟೆ ನೆನೆಸಿ, ಮೆತ್ತನೆ ಬ್ರಷ್ ಆಡಿಸಿ. ಜಿಡ್ಡು ಹೋದ್ಮೇಲೂ ಕಪ್ಪಿದ್ರೆ ಆಮೇಲೆ ಫಾಯಿಲ್.

ಅಂಗಡಿಯಲ್ಲಿ ಪಾಲಿಶ್‌ಗೆ ಕೊಟ್ಟೆ, ಗೆಜ್ಜೆ ತೂಕ ಕಮ್ಮಿ ಬಂತು. ಮೋಸನಾ? (ಓದುಗರು, ಹುಬ್ಬಳ್ಳಿ)

ಇಲ್ಲಿ ಕೂತು ಹೇಳೋಕಾಗಲ್ಲ. ಗೆಜ್ಜೆ ಸಂದಿಯಲ್ಲಿ ವರ್ಷಗಟ್ಟಲೆ ಕೂತ ಸೋಪು, ಮಣ್ಣು, ಅರಿಶಿನಕ್ಕೂ ತೂಕ ಇದೆ, ಅದು ಹೋಗಿರಬಹುದು. ಆದ್ರೆ ಆಸಿಡ್‌ನಲ್ಲಿ ಅದ್ದಿ, ಮೆಷಿನ್ ಬ್ರಷ್ ಹಿಡಿದ್ರೆ ಬೆಳ್ಳಿನೂ ಒಂದಿಷ್ಟು ಹೋಗೇ ಹೋಗುತ್ತೆ. ಮುಂದಿನ ಸಲ ಮನೇಲೇ ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಅಂಗಡಿಯಲ್ಲಿ ನಿಮ್ಮೆದುರೇ ತೂಗಿಸಿ, ಚೀಟಿ ಮೇಲೆ ಬರೆಸ್ಕೊಂಡು ಕೊಡಿ. ಕೇಳೋಕೆ ಸಂಕೋಚ ಪಡಬೇಡಿ. ಮತ್ತೆ ವರ್ಷಾ ವರ್ಷಾ ಪಾಲಿಶ್ ಮಾಡಿಸೋ ಚಟ ಬೇಡ.

ಅರಿಶಿನ ಕುಂಕುಮಕ್ಕೆ ಕೊಟ್ಟ ಜರ್ಮನ್ ಸಿಲ್ವರ್ ತಟ್ಟೆಗೂ ಇದೇ ಕ್ರಮನಾ? (ಓದುಗರು, ತುಮಕೂರು)

ಜರ್ಮನ್ ಸಿಲ್ವರ್‌ನಲ್ಲಿ ಸಿಲ್ವರ್ ಇಲ್ಲ! ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ಸೋಪು ನೀರಲ್ಲಿ ತೊಳೆದು ಒರೆಸಿಡಿ. ಬೆಳ್ಳಿ ಲೇಪ ಕೊಟ್ಟಿದ್ರೆ ಉಜ್ಜಲೇಬೇಡಿ, ಒಳಗಿನ ಲೋಹ ಇಣುಕುತ್ತೆ.

ಮಗಳ ಕಾಲ್ಚೈನ್ ಸಿಕ್ಕು ಆಗಬಾರದು ಅಂತ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದೆ, ಈಗ ಅದು ಸುತ್ತಿದ್ದ ಕಡೆ ಮಾತ್ರ ಕಪ್ಪು ಗೆರೆ! (ಓದುಗರು, ಹಾಸನ)

ರಬ್ಬರ್ ಗಟ್ಟಿ ಬರೋಕೆ ಗಂಧಕನೇ ಹಾಕೋದು, ನೀವು ಕೈಯಾರೆ ಸುತ್ತಿ ಕೊಟ್ಟಿದ್ದೀರ. ಉಣ್ಣೆ ಬಟ್ಟೆಯಲ್ಲೂ ಸುತ್ತಬೇಡಿ, ಅದರಲ್ಲೂ ಗಂಧಕ ಇದೆ. ಒಂದೊಂದು ಒಡವೆಗೂ ಬೇರೆ ಬೇರೆ ಜಿಪ್ ಕವರ್, ಗಾಳಿ ಹಿಂಡಿ ಮುಚ್ಚಿ, ತೇವ ಹೀರೋಕೆ ಒಂದು ಸೀಮೆಸುಣ್ಣದ ತುಂಡು ಜೊತೆಗಿರಲಿ. ಗೆರೆಗೆ ಮೇಲೆ ಹೇಳಿದ ಫಾಯಿಲ್ ನೀರು ಎರಡು ಸಲ ಮಾಡಿ ನೋಡಿ. ಆಮೇಲೆ ಮಗಳ ಕಾಲಿಗೇ ಹಾಕಿ ಬಿಡಿ, ದಿನಾ ಓಡಾಡೋ ಕಾಲಲ್ಲಿ ತಿಕ್ಕಿ ತಿಕ್ಕಿ ಮಿಕ್ಕ ಕಪ್ಪು ತಾನೇ ಹೋಗುತ್ತೆ.