ಬೇಳೆ ಬೇಯದ ನೀರಿನಲ್ಲಿ ಕಾಮನಬಿಲ್ಲು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ಅಕ್ವೇರಿಯಂನಲ್ಲಿ ಸಾಕುವ ರೇನ್‌ಬೋ ಮೀನಿನವು. ಹಾಗಾಗಿ ಉಳಿದ ಮೀನುಗಳನ್ನು ಮುಂದಿನ ಕಂತಿಗೆ ಇಟ್ಟು, ಇವನ್ನಷ್ಟೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಎರಡು ಏಂಜೆಲ್, ಏಳೆಂಟು ಗಪ್ಪಿ, ಒಂದು ಸಕ್ಕರ್ ಮೊದಲಿಂದ ಇದ್ದವು. ಎರಡು ತಿಂಗಳ ಹಿಂದೆ ಬೋಸ್ಮನಿ ಜಾತಿಯ ನಾಲ್ಕು ರೇನ್‌ಬೋ ತಂದು ಬಿಟ್ಟೆ. ‘ಪಾಪದ ಮೀನು, ಯಾರ ತಂಟೆಗೂ ಹೋಗಲ್ಲ’ ಎಂದು ಅಂಗಡಿಯವರು ಹೇಳಿದ್ದರು. ಜಗಳ ಆಡಿದ್ದನ್ನು ನಾನೂ ನೋಡಿಲ್ಲ. ಆದರೆ ಏಂಜೆಲ್‌ಗಳ ಹೊಟ್ಟೆ ಒಳಕ್ಕೆ ಹೋಗಿದೆ, ಮೂಲೆ ಹಿಡಿದು ನಿಂತಿವೆ. ನಮ್ಮದು ಬೋರ್‌ವೆಲ್ ನೀರು, ತುಂಬ ಗಡಸು. ಆರ್‌ಓ ನೀರು ಹಾಕಿ ಎಂದು ಪರಿಚಯದವರು ಹೇಳುತ್ತಾರೆ. ರೇನ್‌ಬೋ ಜೊತೆಗೆ ಯಾವ ಮೀನು ಬಿಡಬಹುದು?
– ಓದುಗರು, ದಾವಣಗೆರೆ

ಉತ್ತರ: ಅಂಗಡಿಯವರ ಮಾತು ಸುಳ್ಳಲ್ಲ, ರೇನ್‌ಬೋ ಪಾಪದ ಮೀನೇ. ಆದರೆ ಪಾಪದ್ದು ಅಂದಮಾತ್ರಕ್ಕೆ ನಿಧಾನದ್ದಲ್ಲ. ನಾಳೆ ಬೆಳಿಗ್ಗೆ ಒಂದು ಚಿಟಿಕೆ ಊಟ ಹಾಕಿ, ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕೂತು ನೋಡಿ. ಕೈ ಮೇಲೆ ಹೋದ ಕೂಡಲೇ ಬೋಸ್ಮನಿಗಳು ನೀರಿನ ಮೇಲ್ಮೈಗೆ ಬಂದು ನಿಂತಿರುತ್ತವೆ. ಫ್ಲೇಕ್ ನೀರಿಗೆ ತಾಗಿತೋ ಇಲ್ಲವೋ, ಬಾಯಿ ಹಾಕಿ ತಿರುಗಿ ಇನ್ನೊಂದಕ್ಕೆ ಹಾರಿಯಾಯಿತು. ಏಂಜೆಲ್ ಇದೆಯಲ್ಲ, ಅದು ಮೊದಲು ಊಟವನ್ನು ನೋಡಬೇಕು, ಆಮೇಲೆ ಮೈ ತಿರುಗಿಸಬೇಕು, ಆಮೇಲೆ ಹೊರಡಬೇಕು. ಅಷ್ಟರಲ್ಲಿ ಪಂಕ್ತಿಯಲ್ಲಿ ಎಲೆ ಹಾಕುವ ಮೊದಲೇ ಅನ್ನದ ಪಾತ್ರೆ ಖಾಲಿಯಾದ ಹಾಗೆ! ನಿಮ್ಮ ಏಂಜೆಲ್‌ಗಳನ್ನು ಯಾರೂ ಹೊಡೆದಿಲ್ಲ, ಕಚ್ಚಿಲ್ಲ. ಅವು ಹಸಿದಿವೆ, ಅಷ್ಟೆ. ಹಗಲೆಲ್ಲ ಪಕ್ಕದಲ್ಲಿ ಸರ್ರನೆ ಓಡಾಡುವವರ ನಡುವೆ ಅವಕ್ಕೆ ನೆಮ್ಮದಿಯೂ ಇಲ್ಲ.

ಸದ್ಯಕ್ಕೆ ಹೀಗೆ ಮಾಡಿ. ಟ್ಯಾಂಕಿನ ಒಂದು ತುದಿಯಲ್ಲಿ ತೇಲುವ ಫ್ಲೇಕ್ ಹಾಕಿ ರೇನ್‌ಬೋಗಳನ್ನು ಅಲ್ಲಿ ಸೆಳೆದು, ಅದೇ ಕ್ಷಣ ಇನ್ನೊಂದು ತುದಿಯಲ್ಲಿ ಏಂಜೆಲ್ ಮುಂದೆ ನಿಧಾನ ಮುಳುಗುವ ಪೆಲೆಟ್ ಬಿಡಿ. ಕೆಲವು ದಿನ ನಡೆಯುತ್ತದೆ. ರೇನ್‌ಬೋ ಬುದ್ಧಿವಂತ ಮೀನು, ಆ ತುದಿಯ ಗುಟ್ಟನ್ನೂ ಬೇಗ ಹಿಡಿಯುತ್ತದೆ. ಏಂಜೆಲ್‌ಗೆ ಬೇರೆ ಟ್ಯಾಂಕ್ ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ಸಾಕಿದವರು ಇದ್ದಾರೆ. ಆದರೆ ಅವರು ಊಟದ ಹೊತ್ತಿಗೆ ಟ್ಯಾಂಕ್ ಮುಂದೆ ಕಾವಲು ಕೂರುವ ಜನ.

ಇನ್ನು ನೀರು. ಬೇಳೆ ಬೇಯದ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಎಂದು ನೀವು ಬೈದುಕೊಳ್ಳುತ್ತಿರುವುದು ಈ ಮೀನಿಗೆ ತವರಿನ ನೀರಿದ್ದಂತೆ. ಬೋಸ್ಮನಿಯ ಮೂಲ ಇಂಡೊನೇಷ್ಯಾದ ಪಶ್ಚಿಮ ಪಪುವಾದಲ್ಲಿರುವ ಅಯಮರು ಸರೋವರಗಳು. ನ್ಯೂಗಿನಿ ದ್ವೀಪದ ನಕ್ಷೆ ನೋಡಿದರೆ ಪಶ್ಚಿಮದ ತುದಿ ಹಕ್ಕಿಯ ತಲೆಯಂತೆ ಕಾಣುತ್ತದೆ, ಅಲ್ಲಿ ಇವೆ. ಸುತ್ತ ಸುಣ್ಣಕಲ್ಲಿನ ನೆಲ, ಹಾಗಾಗಿ ನೀರು ಗಡಸು, ಕ್ಷಾರೀಯ. 1980ರಲ್ಲಿ ಅಲೆನ್ ಮತ್ತು ಕ್ರಾಸ್ ಎಂಬ ವಿಜ್ಞಾನಿಗಳು ಈ ಮೀನನ್ನು ಹೊಸ ಜಾತಿಯೆಂದು ವಿವರಿಸಿ, ಅದನ್ನು ಮೊದಲು ಸಂಗ್ರಹಿಸಿದ್ದ ಡಚ್ ವಿಜ್ಞಾನಿ ಬೋಸ್ಮನ್ ಅವರ ಹೆಸರಿಟ್ಟರು. ತವರಿನಲ್ಲಿ ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ನಮ್ಮ ಅಂಗಡಿಗಳಿಗೆ ಬರುವವು ಸಾಮಾನ್ಯವಾಗಿ ಫಾರ್ಮ್‌ಗಳಲ್ಲಿ ಮರಿ ಮಾಡಿದವು.

ಆದ್ದರಿಂದ ಆರ್‌ಓ ನೀರು ಬೇಡ. ಅದರಲ್ಲಿ ಖನಿಜಾಂಶ ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಒಂದೆಡೆ ನಿಲ್ಲುವುದಿಲ್ಲ. ಮನೆಗೆಲ್ಲ ಸಾಫ್ಟನರ್ ಹಾಕಿಸಿದ್ದರೆ ಅದರಿಂದ ಬರುವ ನೀರೂ ಬೇಡ, ಅಲ್ಲಿ ಸುಣ್ಣದಂಶ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಸಾಫ್ಟನರ್‌ಗೆ ಮೊದಲಿನ ನಲ್ಲಿಯಿಂದ ಹಿಡಿದು, ಬಕೆಟ್ಟಿನಲ್ಲಿ ಒಂದು ರಾತ್ರಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿಟ್ಟು ಬಳಸಿ. ಆಳದ ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಸುತ್ತಮುತ್ತ ತೋಟ, ಗದ್ದೆ ಇದ್ದರೆ ಒಮ್ಮೆ ನೈಟ್ರೇಟ್ ಪರೀಕ್ಷೆ ಮಾಡಿಸಿ, ಗೊಬ್ಬರದ ಅಂಶ ಇಳಿದಿರಬಹುದು.

ಗಡಸು ನೀರಿನವರು ಒಂದು ವಿಷಯದಲ್ಲಿ ಮಾತ್ರ ಉಳಿದವರಿಗಿಂತ ಹುಷಾರಾಗಿರಬೇಕು. ಮೀನಿನ ಕಲ್ಮಶದಿಂದ ಹುಟ್ಟುವ ಅಮೋನಿಯ ಕ್ಷಾರೀಯ ನೀರಿನಲ್ಲಿ ಹೆಚ್ಚು ವಿಷ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷಕಾರಿ ರೂಪದ ಪ್ರಮಾಣ ಸುಮಾರು ಹತ್ತು ಪಟ್ಟಾಗುತ್ತದೆ. ಒಂದೇ ದಿನ ಹತ್ತು ಹೊಸ ಮೀನು ಬಿಡುವುದು, ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವಂತೆ ಉಜ್ಜುವುದು ನಿಮ್ಮ ಟ್ಯಾಂಕಿನಲ್ಲಿ ನಡೆಯಬಾರದು. ಅಮೋನಿಯ ತಗ್ಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸ್ಪಂಜಿನಲ್ಲೇ ಇರುತ್ತವೆ, ಅದನ್ನು ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ಈಗ ಜೊತೆಗಾರರು. ನಿಮ್ಮ ಟ್ಯಾಂಕ್ ಸುಮಾರು 250 ಲೀಟರಿನದು, ಬೋಸ್ಮನಿಗೆ ಹೇಳಿ ಮಾಡಿಸಿದ ಉದ್ದ. ನಾಲ್ಕು ಮೀನು ಸಾಲದು, ಗುಂಪಿನ ಮೀನು ಇದು. ಆರರಿಂದ ಎಂಟಾಗಲಿ, ಹೆಣ್ಣುಗಳು ಹೆಚ್ಚಿರಲಿ. ಜೊತೆಗೆ ನನ್ನ ಮೊದಲ ಆಯ್ಕೆ ಜೈಂಟ್ ಡೇನಿಯೊ ಮತ್ತು ಅದರ ಸೋದರ ಮಲಬಾರ್ ಡೇನಿಯೊ. ಇವು ನಮ್ಮ ಮಲೆನಾಡಿನ ಹಳ್ಳಗಳ ಕಡೆಯವೇ. ರೇನ್‌ಬೋದಷ್ಟೇ ಚುರುಕು, ಗಟ್ಟಿ ಜೀವ, ಹೊಡೆದಾಟ ಇಲ್ಲ. ಅಂಗಡಿಯಲ್ಲಿ ಅಗ್ಗದ ಮೀನು ಎಂದು ಮೂಲೆಗೆ ತಳ್ಳಿರುತ್ತಾರೆ. ಪಕ್ಕದಿಂದ ಬೆಳಕು ಬಿದ್ದಾಗ ಅದರ ಮೈಮೇಲಿನ ನೀಲಿ-ಹಳದಿ ಗೆರೆ ನೋಡಿದರೆ ಆ ಅಸಡ್ಡೆ ಯಾಕೋ ಅನಿಸುತ್ತದೆ. ರೋಸಿ ಬಾರ್ಬ್ ಆಗುತ್ತದೆ. ಗಡಸು ನೀರು ಇಷ್ಟಪಡುವ ಸ್ವೋರ್ಡ್‌ಟೇಲ್, ಮೋಲಿ ಆಗುತ್ತವೆ. ತಳದಲ್ಲಿ ಆರು ಕಂಚುಬಣ್ಣದ ಕೋರಿಡೋರಾಸ್ ಬಿಡಿ, ಆದರೆ ಚೂಪು ಜಲ್ಲಿ ಇದ್ದರೆ ಅವುಗಳ ಮೀಸೆ ಸವೆಯುತ್ತದೆ, ಮರಳು ಹಾಕಿ. ರೇನ್‌ಬೋ ನೆಲಕ್ಕೆ ಬಿದ್ದ ಊಟವನ್ನು ಅಷ್ಟಾಗಿ ಹುಡುಕುವುದಿಲ್ಲ, ಹಾಗಾಗಿ ತಳದ ಮೀನುಗಳಿಗೂ ಅವಕ್ಕೂ ತಕರಾರಿಲ್ಲ. ದೀಪ ಆರಿಸಿದ ಮೇಲೆ ಮುಳುಗುವ ಬಿಲ್ಲೆ ಹಾಕಿ.

ಮಿಸ್ ಕೇರಳ ಎಂಬ ಮೀನಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಸ್ವಭಾವ, ಗಾತ್ರ, ವೇಗ ಎಲ್ಲ ರೇನ್‌ಬೋಗೆ ಸರಿಯಾದ ಜೋಡಿ. ಆದರೆ ಅದು ಪಶ್ಚಿಮ ಘಟ್ಟದ ತಣ್ಣನೆ ಹರಿಯುವ ನೀರಿನದು, ನಿಮ್ಮೂರಿನ ಏಪ್ರಿಲ್‌ನಲ್ಲಿ ಟ್ಯಾಂಕ್ 30 ಡಿಗ್ರಿ ದಾಟಿದಾಗ ಏದುಸಿರು ಬಿಡುತ್ತದೆ. ಮಡಿಕೇರಿ, ಚಿಕ್ಕಮಗಳೂರಿನವರು ಬೇಕಾದರೆ ಸಾಕಲಿ. ಅವರೂ ಮರಿ ಮಾಡಿಸಿದ್ದನ್ನೇ ಕೇಳಿ ತರಲಿ, ಹೊಳೆಯಲ್ಲಿ ಅದು ಅಳಿವಿನಂಚಿಗೆ ಬಂದಿದೆ.

ಬೇಡದವುಗಳಲ್ಲಿ ಆಸ್ಕರ್, ಫ್ಲವರ್‌ಹಾರ್ನ್‌ನಂಥ ಜಗಳಗಂಟ ದೊಡ್ಡ ಮೀನುಗಳ ವಿಷಯ ಹೇಳಬೇಕಿಲ್ಲ. ಗೋಲ್ಡ್‌ಫಿಶ್ ಬೇಡ. ಫೈಟರ್ ಬೇಡ, ಏಂಜೆಲ್‌ಗೆ ಆದದ್ದೇ ಅದಕ್ಕೂ ಆಗುತ್ತದೆ. ದೊಡ್ಡ ಗಪ್ಪಿಗಳು ಇರಲಿ, ಮರಿಗಳು ಉಳಿಯುವುದಿಲ್ಲ. ನಿಮ್ಮ ಸಕ್ಕರ್ ಒಂದು ಅಡಿ ಮೀರಿ ಬೆಳೆಯುವ ಜಾತಿಯದಾಗಿದ್ದರೆ ಅಂಗಡಿಗೆ ವಾಪಸ್ ಕೊಟ್ಟು ಬ್ರಿಸಲ್‌ನೋಸ್ ಎಂಬ ಸಣ್ಣ ಸಕ್ಕರ್ ತನ್ನಿ. ದಯವಿಟ್ಟು ಕೆರೆಗೆ ಬಿಡಬೇಡಿ, ಅಲ್ಲಿ ಅದಕ್ಕೆ ಶತ್ರುಗಳು ಕಡಿಮೆ.

ಪ್ರಶ್ನೆ: ಫೋಟೋದಲ್ಲಿ ಅರ್ಧ ನೀಲಿ, ಅರ್ಧ ಕಿತ್ತಳೆ. ನಾನು ತಂದ ಆರು ಬೋಸ್ಮನಿಗಳು ನಾಲ್ಕು ತಿಂಗಳಾದರೂ ಬೂದಿ ಬಣ್ಣದಲ್ಲೇ ಇವೆ. ಮೋಸ ಹೋದೆನಾ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ ಅನಿಸುತ್ತದೆ. ಎರಡು ಇಂಚಿನ ರೇನ್‌ಬೋ ಮರಿ ಅಂದರೆ ಬೆಳ್ಳಿ ಬಣ್ಣದ ಸಾಧಾರಣ ಮೀನು, ಅಂಗಡಿಯಲ್ಲಿ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಗಂಡಿಗೆ ಪೂರ್ತಿ ಬಣ್ಣ ಬರಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ವಯಸ್ಸಾದಂತೆ ಬೆನ್ನು ಎತ್ತರವಾಗಿ ಮೈ ಅಗಲವಾಗುತ್ತದೆ. ಹೆಣ್ಣಿಗೆ ಆ ಬಣ್ಣ ಬರುವುದೇ ಇಲ್ಲ. ಆದರೆ ಹೆಣ್ಣಿಲ್ಲದಿದ್ದರೆ ಗಂಡು ತನ್ನ ಬಣ್ಣವನ್ನು ಪೂರ್ತಿ ತೋರಿಸುವುದೂ ಇಲ್ಲ!

ಬೆಳಗಿನ ಬಿಸಿಲು ಓರೆಯಾಗಿ ಟ್ಯಾಂಕಿಗೆ ಬೀಳುವ ಹೊತ್ತಿನಲ್ಲಿ ನೋಡಿ. ಎರಡು ಗಂಡುಗಳು ರೆಕ್ಕೆ ಬಿಡಿಸಿಕೊಂಡು ಅಕ್ಕಪಕ್ಕ ಸುತ್ತುತ್ತವೆ. ಹೆಣ್ಣಿನ ಹಿಂದೆ ಬಿದ್ದ ಗಂಡಿಗೆ ಹಣೆಯಿಂದ ಬೆನ್ನಿನವರೆಗೆ ಒಂದು ಪಟ್ಟಿ, ಯಾರೋ ಸ್ವಿಚ್ ಹಾಕಿದಂತೆ ಫಕ್ಕನೆ ಹೊತ್ತಿಕೊಳ್ಳುತ್ತದೆ, ಮರುಕ್ಷಣ ಆರುತ್ತದೆ. ಮೊದಲ ಸಲ ಕಂಡಾಗ ಟ್ಯೂಬ್‌ಲೈಟಿನ ಪ್ರತಿಬಿಂಬ ಇರಬೇಕೆಂದು ನಾನು ಎದ್ದು ಲೈಟ್ ಆರಿಸಿ ನೋಡಿದ್ದೆ.

ಇನ್ನೂ ಆರು ತಿಂಗಳು ಕಾಯಿರಿ. ಹಿಂಬದಿಗೆ ಕಪ್ಪು ಹಾಳೆ ಅಂಟಿಸಿ, ತಳ ಕಪ್ಪಗಿರಲಿ, ಗಿಡ ಇರಲಿ. ಊಟದಲ್ಲಿ ಪೆಲೆಟ್ ಜೊತೆ ಸ್ಪಿರುಲಿನ ಪಾಚಿ, ವಾರಕ್ಕೆರಡು ಸಲ ಫ್ರೋಜನ್ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸೀಗಡಿ) ಕೊಡಿ. ಪೆಲೆಟ್ ಸಣ್ಣದಿರಲಿ, ಈ ಮೀನಿನ ಬಾಯಿ ದೊಡ್ಡದಾಗಿ ಕಂಡರೂ ಗಂಟಲು ಕಿರಿದು. ಬೇರೆ ಬೇರೆ ಜಾತಿಯ ರೇನ್‌ಬೋಗಳನ್ನು ಸೇರಿಸಿ ಸಾಕಬಹುದು, ಆದರೆ ಅವುಗಳಲ್ಲಿ ಹಲವು ಪರಸ್ಪರ ಕೂಡುತ್ತವೆ. ಆ ಟ್ಯಾಂಕಿನ ಮೊಟ್ಟೆ ಮರಿ ಮಾಡಿ ಬೋಸ್ಮನಿ ಎಂದು ಯಾರಿಗೂ ಕೊಡಬೇಡಿ. ಎಂದೂ ಬಣ್ಣ ಬಾರದ ‘ಬೋಸ್ಮನಿ’ಗಳು ಎಷ್ಟೋ ಸಲ ಹೀಗೆ ಬೆರಕೆಯಾದವು.

ಪ್ರಶ್ನೆ: ನಮ್ಮದು 2 ಅಡಿ ಟ್ಯಾಂಕ್. ಅದರಲ್ಲಿ ರೇನ್‌ಬೋ ಸಾಕುವ ಆಸೆ ಬಿಡಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೋಸ್ಮನಿ ಆಸೆ ಬಿಡಿ, ಗಂಡು ನಾಲ್ಕು ಇಂಚು ದಾಟುತ್ತದೆ. ಎರಡೂವರೆ ಅಡಿಗೆ ಹೋಗಲು ಸಾಧ್ಯವಿದ್ದರೆ ಡ್ವಾರ್ಫ್ ನಿಯಾನ್ ರೇನ್‌ಬೋ ಆರು ತನ್ನಿ. ನೀಲಿ ಮೈ, ಕೆಂಪು ರೆಕ್ಕೆ, ಎರಡರಿಂದ ಎರಡೂವರೆ ಇಂಚು. ಎರಡು ಅಡಿಯೇ ಆದರೆ ಥ್ರೆಡ್‌ಫಿನ್ ರೇನ್‌ಬೋ. ಗಂಡಿನ ರೆಕ್ಕೆಯ ತುದಿ ಕಪ್ಪು ನೂಲಿನಂತೆ ಬಾಲ ದಾಟಿ ಇಳಿಬಿದ್ದಿರುತ್ತದೆ. ಇದು ಮೇಲೆ ಹೇಳಿದ ಕಥೆಗೆ ತದ್ವಿರುದ್ಧ. ಹೆಸರು ರೇನ್‌ಬೋ ಆದರೂ ನಿಧಾನದ ಮೀನು, ಬಾಯಿ ಸೂಜಿಮೊನೆಯಷ್ಟು. ಫ್ಲೇಕನ್ನು ಬೆರಳಲ್ಲಿ ಪುಡಿ ಮಾಡಿ ಹಾಕಬೇಕು. ಜೊತೆಗೆ ಪುಟ್ಟ ರಾಸ್ಬೊರ, ಸಣ್ಣ ಕೋರಿಡೋರಾಸ್ ಸಾಕು. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಇದ್ದ ಟ್ಯಾಂಕಿಗೆ ಬಿಟ್ಟರೆ ಆ ನೂಲು ಬೇಗ ಮಾಯ. ನೀರು ತೀರಾ ಗಡಸಾಗಿದ್ದರೆ ಥ್ರೆಡ್‌ಫಿನ್‌ಗೆ ಒಗ್ಗುವುದಿಲ್ಲ, ನಿಯಾನ್ ಸ್ವಲ್ಪ ತಡೆಯುತ್ತದೆ.

ಪ್ರಶ್ನೆ: ರಾತ್ರಿ ಚೆನ್ನಾಗಿದ್ದ ರೇನ್‌ಬೋ ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿತ್ತು. ನೀರು ಸರಿಯಿಲ್ಲವೇ?
– ಓದುಗರು, ಮೈಸೂರು

ಉತ್ತರ: ನೀರು ಸರಿಯಿದ್ದರೂ ಹಾರುತ್ತವೆ. ಕತ್ತಲಲ್ಲಿ ಒಮ್ಮೆಲೆ ಲೈಟ್ ಹಾಕಿದರೆ, ಬೆಕ್ಕು ಮೇಲೆ ಬಂದು ಕೂತರೆ ಸಾಕು. ಮುಚ್ಚಳ ಹಾಕಿ. ಫಿಲ್ಟರ್ ಪೈಪಿಗೆ ಬಿಟ್ಟ ಸಂದನ್ನೂ ಸೊಳ್ಳೆ ಜಾಲರಿಯಿಂದ ಮುಚ್ಚಿ. ನನ್ನದೊಂದು ಅಂಥ ಎರಡು ಇಂಚಿನ ಸಂದಿನಿಂದಲೇ ಹೋಗಿ, ಮೂರು ದಿನದ ಮೇಲೆ ಫ್ರಿಜ್ ಹಿಂದೆ ಇರುವೆ ಸಾಲಿನ ತುದಿಯಲ್ಲಿ ಸಿಕ್ಕಿತ್ತು.

ಪ್ರಶ್ನೆ: ಒಂದು ಮೀನು ತಿನ್ನುತ್ತದೆ, ಆದರೂ ಸಣ್ಣಗಾಗುತ್ತಿದೆ. ಬೆನ್ನು ಬಾಗಿದೆ. ಉಳಿದವು ಚೆನ್ನಾಗಿವೆ. ಏನು ಔಷಧಿ?
– ಓದುಗರು, ಮಂಗಳೂರು

ಉತ್ತರ: ಕಾರಣ ಹೊಟ್ಟೆಹುಳುವೂ ಇರಬಹುದು. ಆದರೆ ರೇನ್‌ಬೋಗಳಲ್ಲಿ ಸೊರಗು ಮತ್ತು ಬೆನ್ನು ಬಾಗು ಎರಡೂ ಒಟ್ಟಿಗೆ ಕಂಡರೆ ಮೀನಿನ ಕ್ಷಯದ ಅನುಮಾನ ಬರುತ್ತದೆ. ಇದಕ್ಕೆ ಅಂಗಡಿಯ ನೀಲಿ, ಹಳದಿ ಔಷಧಿಗಳು ಕೆಲಸ ಮಾಡುವುದಿಲ್ಲ, ದುಡ್ಡು ದಂಡ. ಆ ಮೀನನ್ನು ಇವತ್ತೇ ಬೇರೆ ಮಾಡಿ, ಅದಕ್ಕೆ ಬಳಸಿದ ಬಲೆಯನ್ನು ಇನ್ನೊಂದು ಟ್ಯಾಂಕಿಗೆ ಹಾಕಬೇಡಿ. ಸತ್ತ ಮೀನನ್ನು ಉಳಿದವು ತಿನ್ನಲು ಬಿಡಬೇಡಿ, ರೋಗ ಹರಡುವ ದಾರಿಗಳಲ್ಲಿ ಅದೂ ಒಂದು. ಮುಂದೆ ಯಾವ ಹೊಸ ಮೀನು ತಂದರೂ ಮೂರು-ನಾಲ್ಕು ವಾರ ಪ್ರತ್ಯೇಕ ಇಟ್ಟು ನೋಡಿ.

ಇದರ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ತಗಲುತ್ತದೆ. ಕೈಯಲ್ಲಿ ಸೀಳು, ಗೀರು ಇರುವಾಗ ಟ್ಯಾಂಕಿಗೆ ಬರಿಗೈ ಹಾಕಬೇಡಿ, ಉದ್ದನೆಯ ಗ್ಲೌಸ್ ಇರಲಿ. ಪೈಪಿಗೆ ಬಾಯಿ ಹಚ್ಚಿ ನೀರು ಎಳೆಯುವ ಅಭ್ಯಾಸ ಇದ್ದರೆ ಬಿಡಿ. ಬೆರಳಿನಲ್ಲೋ ಮುಂಗೈಯಲ್ಲೋ ವಾರಗಟ್ಟಲೆ ಮಾಯದ ಗಂಟು ಕಂಡರೆ ಚರ್ಮದ ಡಾಕ್ಟರ ಬಳಿ ಹೋಗಿ, ಮನೆಯಲ್ಲಿ ಮೀನಿನ ತೊಟ್ಟಿ ಇದೆ ಎಂದು ನೀವಾಗಿಯೇ ಹೇಳಿ. ಅವರಾಗಿ ಕೇಳುವ ಪ್ರಶ್ನೆ ಅದಲ್ಲ.