ಕೇಳಿ, ಹೇಳ್ತೀವಿ: ಸೈಕಲ್ ಕ್ಯಾರಿಯರ್ ಮೇಲೆ ಆರ್‌ಸಿ ಟ್ರಕ್

ಈ ಸಲ ಬಂದಿರೋ ಪತ್ರಗಳಲ್ಲಿ ಆರ್‌ಸಿ, ಅಂದ್ರೆ ರಿಮೋಟಲ್ಲಿ ಓಡ್ಸೋ ಟ್ರಕ್ ಬಗ್ಗೆ ಕೇಳಿರೋರೇ ಜಾಸ್ತಿ, ಅದ್ರಲ್ಲೂ ಸೈಕಲ್ ಬಿಟ್ರೆ ಬೇರೆ ಗಾಡಿ ಇಲ್ದೋರದ್ದು. ಅದಕ್ಕೆ ಎಲ್ಲಾ ಸೇರಿಸಿ ಒಂದೇ ಕಡೆ ಹಾಕಿದೀನಿ.

ಪ್ರಶ್ನೆ: ಸರ್, ಮೊದಲ್ನೇ ಸಲ ಹಾಬಿ ಗ್ರೇಡ್ (ಪಾರ್ಟ್ಸ್ ಬಿಚ್ಚಿ ಬದಲಾಯಿಸ್ಬಹುದಾದ) ಆರ್‌ಸಿ ಟ್ರಕ್ ತಗೊಳ್ತಾ ಇದೀನಿ. ಮನೆ ಹತ್ರ ಓಡ್ಸೋಕೆ ಜಾಗ ಇಲ್ಲ, ಖಾಲಿ ಮೈದಾನ ಆರೇಳು ಕಿಲೋಮೀಟರ್ ದೂರ, ನನ್ ಹತ್ರ ಇರೋದು ಹಿಂದೆ ಕ್ಯಾರಿಯರ್ ಇರೋ ಮಾಮೂಲಿ ಸೈಕಲ್. ವಿಡಿಯೋ ನೋಡಿ ನೋಡಿ ದೊಡ್ಡ ಮಾನ್‌ಸ್ಟರ್ ಟ್ರಕ್ಕೇ ಬೇಕು ಅನ್ಸಿಬಿಟ್ಟಿದೆ. ಯಾವ ಸೈಜ್ ತಗೊಳ್ಳಲಿ? (ಮೊದಲ ಟ್ರಕ್‌ಗೆ ಕಾಯ್ತಿರೋನು)

ಉತ್ತರ: ಟ್ರಕ್ ನೋಡೋದು ಆಮೇಲೆ, ಮೊದ್ಲು ಟೇಪ್ ಹಿಡ್ಕೊಂಡು ನಿಮ್ ಕ್ಯಾರಿಯರ್ ಅಳೀರಿ. ಉದ್ದ, ಅಗಲ, ಸೀಟಿನ ಹಿಂದೆ ಎಷ್ಟು ಜಾಗ ಉಳಿಯತ್ತೆ, ಮತ್ತೆ ಕ್ಯಾರಿಯರ್ ಮೇಲೆ ಎಲ್ಲಾದ್ರೂ ಕೆಜಿ ಲೆಕ್ಕ ಅಚ್ಚು ಹಾಕಿದಾರಾ ನೋಡಿ, ತುಂಬಾ ಕ್ಯಾರಿಯರ್ ಮೇಲೆ 25 ಅಂತ ಇರತ್ತೆ, ಸಣ್ಣ ಅಲ್ಯೂಮಿನಿಯಂ ಕ್ಯಾರಿಯರ್ ಆದ್ರೆ ಅದಕ್ಕಿಂತ ಎಷ್ಟೋ ಕಮ್ಮಿ ಇರಬಹುದು. ತೂಕದಿಂದ ನಿಮಗೆ ತೊಂದರೆ ಆಗೋದು ಕಮ್ಮಿ, ತೊಂದರೆ ಕೊಡೋದು ಅಗಲ.

ಡಬ್ಬದ ಮೇಲೆ 1/10, 1/8 ಅಂತ ಇರೋ ಸ್ಕೇಲ್ ನೋಡಿ ಸೈಜ್ ಅಂದಾಜು ಮಾಡೋಕೆ ಹೋಗ್ಬೇಡಿ. ನಿಜವಾದ ಗಾಡಿಯ ಹತ್ತನೇ ಒಂದು ಪಾಲು ಅನ್ನೋದು ಲೆಕ್ಕ, ಆದ್ರೆ ಯಾವ ಗಾಡಿಯ ಹತ್ತನೇ ಒಂದು ಅನ್ನೋದ್ರಲ್ಲೇ ಎಲ್ಲಾ ವ್ಯತ್ಯಾಸ ಬಂದುಬಿಡತ್ತೆ. ಟ್ರ್ಯಾಕ್ಸಾಸ್ ಸ್ಲ್ಯಾಶ್ ಅನ್ನೋ 1/10 ಶಾರ್ಟ್ ಕೋರ್ಸ್ ಟ್ರಕ್ (ಮಣ್ಣಿನ ಟ್ರ್ಯಾಕ್ ರೇಸ್ ಟ್ರಕ್ಕಿನ ಮಾದರಿ) ಸುಮಾರು 57 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ತೂಕ ಎರಡು ಕೆಜಿ ಚಿಲ್ರೆ. ಅದೇ ಕಂಪನಿಯ ಟಿಆರ್‌ಎಕ್ಸ್-4 ಅನ್ನೋ ಕಲ್ಲು ಹತ್ತೋ ಟ್ರಕ್ ಕೂಡ 1/10, ಉದ್ದ ಹೆಚ್ಚುಕಮ್ಮಿ ಅಷ್ಟೇ, ಅಗಲ ಮಾತ್ರ 25ರ ಹತ್ರ. ಇನ್ನು ನಿಮ್ಮ ಕಣ್ಣು ಬಿದ್ದಿರೋ ಜಾತಿದು, ಎಕ್ಸ್-ಮ್ಯಾಕ್ಸ್ ತರದ್ದು, 78 ಸೆಂಟಿಮೀಟರ್ ಉದ್ದ, 54 ಸೆಂಟಿಮೀಟರ್ ಅಗಲ, ಎಂಟೂವರೆ ಕೆಜಿಗೂ ಮೇಲೆ! ಅಂದ್ರೆ ಹೆಚ್ಚುಕಮ್ಮಿ ನಿಮ್ಮ ಹ್ಯಾಂಡಲ್‌ನಷ್ಟೇ ಅಗಲದ ಸಾಮಾನು ಬೆನ್ನ ಹಿಂದೆ ಇರತ್ತೆ, ಸಂದೀಲಿ ಹೋದಾಗ ಹ್ಯಾಂಡಲ್ ದಾಟ್ತು ಅಂತ ನೀವು ಅಂದ್ಕೊಂಡಿರ್ತೀರ, ಹಿಂದಿನ ಟೈರು ಇನ್ನೂ ದಾಟಿರಲ್ಲ. ಅದನ್ನ ಟ್ರೇಲರ್ ಇಲ್ದೆ ಸೈಕಲ್ಲಲ್ಲಿ ಒಯ್ಯೋದು ಬೇಡ ಅಂತ ನಾನಂತೂ ಕಡ್ಡಿ ಮುರಿದ ಹಾಗೆ ಹೇಳ್ತೀನಿ.

ನಿಮಗೆ ಸರಿ ಹೋಗೋದು 1/10ರಲ್ಲಿ ಶಾರ್ಟ್ ಕೋರ್ಸ್ ಅಥ್ವಾ ಸ್ಟೇಡಿಯಂ ಟ್ರಕ್ (ಚಕ್ರ ಹೊರಗೆ ಕಾಣೋ, ತಗ್ಗಾದ ರೇಸ್ ಟ್ರಕ್). ಹುಲ್ಲು, ಮಣ್ಣಿನ ಹೆಂಟೆ ಇರೋ ಮೈದಾನಕ್ಕೆ ಅದಕ್ಕಿಂತ ಚಿಕ್ಕದು ತಗೊಂಡ್ರೆ ಹುಲ್ಲಿಗೇ ಸಿಕ್ಕಾಕ್ಕೊಂಡು ನಿಂತುಬಿಡತ್ತೆ, ಅಷ್ಟು ದೂರ ತುಳ್ಕೊಂಡು ಹೋಗಿ ಬಗ್ಗಿ ಬಗ್ಗಿ ಎತ್ತಿಡೋದೇ ಕೆಲಸ ಆಗತ್ತೆ. ಬ್ರಶ್‌ಲೆಸ್ ಮೋಟರೇ (ಜಾಸ್ತಿ ಸ್ಪೀಡಿನದು) ಬೇಕಾ ಅಂತ ಮುಂದಿನ ಪತ್ರದಲ್ಲಿ ಕೇಳ್ತೀರ ಅಂತ ಗೊತ್ತು, ಮೊದಲ ಟ್ರಕ್‌ಗೆ ಬ್ರಶ್ಡ್ (ಹಳೇ ತರದ ಮಾಮೂಲಿ ಮೋಟರ್) ಸಾಕು. ಸ್ಪೀಡ್ ಜಾಸ್ತಿ ಆದಷ್ಟೂ ಬಿದ್ದಾಗ ಮುರಿಯೋದು ಜಾಸ್ತಿ, ಆರು ಕಿಲೋಮೀಟರ್ ದೂರದಲ್ಲಿ ಎ-ಆರ್ಮ್ (ಚಕ್ರನ ಗಾಡಿಗೆ ಸೇರ್ಸೋ ತೋಳು) ಮುರೀತು ಅಂದ್ರೆ ಆವತ್ತಿನ ಆಟ ಅಲ್ಲಿಗೆ ಮುಗೀತು. ಅದಕ್ಕೇ ಟಾಪ್ ಸ್ಪೀಡ್ ಕೇಳೋಕೆ ಮುಂಚೆ ಸ್ಪೇರ್ ಪಾರ್ಟ್ಸ್ ಸುಲಭವಾಗಿ ಸಿಗತ್ತಾ ಅಂತ ಕೇಳಿ, ಒಂದು ಜೊತೆ ಎ-ಆರ್ಮು, ಒಂದಿಷ್ಟು ಸ್ಕ್ರೂ, ಬಾಡಿ ಕ್ಲಿಪ್ಪು ಯಾವಾಗ್ಲೂ ಬ್ಯಾಗಲ್ಲಿ ಇರ್ಲಿ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. ಇಬ್ರೂ ಸೈಕಲ್ಲಲ್ಲಿ ಬೆಟ್ಟದ ಬುಡಕ್ಕೆ ಹೋಗ್ತೀವಿ, ಕಲ್ಲು, ಬೇರು ಎಲ್ಲಾ ಇರೋ ಜಾಗ. ಅವಳಿಗೆ ಯಾವ್ದು ಕೊಡಿಸೋದು? (ಒಬ್ಬ ಅಪ್ಪ)

ಉತ್ತರ: ಕ್ರಾಲರ್ ಕೊಡ್ಸಿ, ಎರಡನೇ ಯೋಚ್ನೆನೇ ಬೇಡ. ನಡ್ಕೊಂಡು ಹೋಗೋ ಸ್ಪೀಡಲ್ಲಿ ಕಲ್ಲು ಹತ್ತೋ ಗಾಡಿ ಅದು, ವೇಗ ಇಲ್ದಿರೋದ್ರಿಂದ ಮುರಿಯೋದೂ ಕಮ್ಮಿ, ಬ್ಯಾಟರಿನೂ ತುಂಬಾ ಹೊತ್ತು ಬರತ್ತೆ. ಆಕ್ಸಿಯಲ್ ಎಸ್‌ಸಿಎಕ್ಸ್24 ತರದ 1/24 ಗಾಡಿ ಉದ್ದ ಸುಮಾರು 20 ಸೆಂಟಿಮೀಟರ್ ಅಷ್ಟೇ, ಮಗಳ ಸ್ಕೂಲ್ ಬ್ಯಾಗಲ್ಲೇ ಕೂರತ್ತೆ, ತನ್ನ ಗಾಡಿ ತಾನೇ ಹೊತ್ಕೊಂಡು ಬರ್ತಾಳೆ. ಸ್ವಲ್ಪ ದೊಡ್ಡದು ಬೇಕು ಅಂದ್ರೆ 1/18 ಕೂಡ ಬ್ಯಾಗಿಗೆ ಅಡ್ಡಿ ಇಲ್ಲ. ಅಂಗೈಯಷ್ಟು ಎತ್ತರದ ಕಲ್ಲನ್ನ ಚಿಕ್ಕ ಕ್ರಾಲರ್ ಹತ್ತೋದು ನೋಡೋಕೂ ದೊಡ್ಡದಕ್ಕಿಂತ ಮಜಾ ಇರತ್ತೆ ಅನ್ನೋದು ನನ್ ಅಭಿಪ್ರಾಯ, ಒಪ್ಪದೇ ಇರೋರು ಇದಾರೆ. ನೀರಿಗೆ ಇಳಿಸೋ ಮುಂಚೆ ಮಾತ್ರ ವಾಟರ್‌ಪ್ರೂಫ್ ಹೌದಾ ಅಂತ ಮ್ಯಾನ್ಯುಯಲ್ ನೋಡಿ, ಚಿಕ್ಕ ಗಾಡಿಗಳಲ್ಲಿ ಎಲ್ಲಾ ಹಾಗಿರಲ್ಲ.

ಪ್ರಶ್ನೆ: ನಂದು 1/10 ಟ್ರಕ್. ಕೊಕ್ಕೆ ಇರೋ ರಬ್ಬರ್ ಹಗ್ಗದಲ್ಲಿ ಕ್ಯಾರಿಯರ್‌ಗೆ ಬಿಗಿಯಾಗಿ ಕಟ್ಕೊಂಡು ಹೋಗ್ತಿದ್ದೆ. ಒಂದೇ ತಿಂಗಳಲ್ಲಿ ಬಾಡಿ ತೂತಿನ ಹತ್ರ ಬಿರುಕು ಬಿಟ್ಟಿದೆ, ಹಿಂದಿನ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗ್ತಾ ಇದೆ. ಓಡ್ಸಿದ್ದಕ್ಕಿಂತ ಸಾಗ್ಸಿದ್ರಲ್ಲೇ ಹಾಳಾಗಿದೆ. ಹೆಂಗೆ ಕಟ್ಟೋದು ಹೇಳಿ. (ಬೇಜಾರಾದವನು)

ಉತ್ತರ: ಬಾಡಿ ಮೇಲಿಂದ ಹಗ್ಗ ಎಳೆದು ಕಟ್ಟಿದೀರ, ಅಲ್ವಾ? ಬಾಡಿ ಅಂದ್ರೆ ತೆಳು ಪಾಲಿಕಾರ್ಬನೇಟ್ ಹಾಳೆ, ಅದು ನಾಲ್ಕು ಪೋಸ್ಟ್ ಮೇಲೆ ನಿಂತಿರತ್ತೆ, ಮೇಲಿಂದ ಒತ್ತಿದ ಭಾರ ಎಲ್ಲಾ ಆ ನಾಲ್ಕು ತೂತಿನ ಅಂಚಿಗೇ ಬೀಳತ್ತೆ, ಹಳ್ಳ ಬಂದಾಗೆಲ್ಲ ಒಂದೊಂದು ಏಟು. ಶಾಕ್ ಕತೆನೂ ಅದೇ, ಬಿಗಿದು ಕಟ್ಟಿದಾಗ ಅದು ಅರ್ಧ ಕುಗ್ಗಿದ ಸ್ಥಿತೀಲೇ ಇರತ್ತೆ, ಆ ಸ್ಥಿತೀಲಿ ದಾರಿ ಉದ್ದಕ್ಕೂ ಸಣ್ಣದಾಗಿ ಅದುರ್ತಾ ಹೋದ್ರೆ ಒಳಗಿನ ಓ-ರಿಂಗ್ (ಎಣ್ಣೆ ತಡೆಯೋ ರಬ್ಬರ್ ಬಳೆ) ಸವೆದು ಎಣ್ಣೆ ಹೊರಗೆ ಬರತ್ತೆ.

ಮೊದ್ಲು ಬಾಡಿ ತೆಗೆದುಬಿಡಿ. ಕ್ಲಿಪ್ಪುಗಳನ್ನ ಪೋಸ್ಟಿಗೇ ವಾಪಸ್ ಹಾಕಿಡಿ, ಇಲ್ದಿದ್ರೆ ಕಳೆದೇ ಹೋಗ್ತವೆ. ಆಮೇಲೆ ಕ್ಯಾರಿಯರ್ ಮೇಲೆ ಗಟ್ಟಿ ಪ್ಲಾಸ್ಟಿಕ್ ಕ್ರೇಟ್ ಒಂದನ್ನ ಶಾಶ್ವತವಾಗಿ ಕೂರ್ಸಿ, ತಳಕ್ಕೆ ದಪ್ಪ ಫೋಮ್ ಹಾಕಿ, ಫೋಮ್ ನಡುವೆ ಚಾಸಿ (ಟ್ರಕ್ಕಿನ ತಳದ ತಟ್ಟೆ) ಅಗಲಕ್ಕೆ ಇನ್ನೊಂದು ತುಂಡು ಇಟ್ಟು ಅದರ ಮೇಲೆ ಟ್ರಕ್ ಇಡಿ, ನಾಲ್ಕೂ ಚಕ್ರ ತಳ ಮುಟ್ಟದೆ ತೂಗಾಡ್ತಿರ್ಬೇಕು. ಭಾರ ಚಾಸಿ ತಟ್ಟೆ ಮೇಲೆ, ಶಾಕ್‌ಗೆ ಕೆಲಸ ಇಲ್ಲ. ಪಟ್ಟಿ ಕಟ್ಟೋದೂ ಚಾಸಿಗೇ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯದಲ್ಲಿ, ವೈರು ಸಿಕ್ಕಾಕ್ಕೊಳ್ಳದ ಹಾಗೆ. ರಬ್ಬರ್ ಹಗ್ಗ ಬೇಡವೇ ಬೇಡ. ಅದು ಎಳೆದುಕೊಳ್ಳೋದ್ರಿಂದ ಸಾಮಾನು ಎಗರೋದು ನಿಲ್ಲಲ್ಲ, ಮೇಲಾಗಿ ಕೊಕ್ಕೆ ಬಿಚ್ಚಿಕೊಂಡು ಕಡ್ಡಿಗಳ ಮಧ್ಯ ಹೋದ್ರೆ ಹಿಂದಿನ ಚಕ್ರ ಅಲ್ಲೇ ಲಾಕ್, ಬೀಳೋದು ನೀವು. ಬಕಲ್ ಇರೋ ನೈಲಾನ್ ಪಟ್ಟಿ ಎರಡು ತಗೊಳ್ಳಿ, ಉಳಿದ ತುದೀನ ಸುತ್ತಿ ಸಿಗಿಸಿ, ನೇತಾಡೋಕೆ ಬಿಡ್ಬೇಡಿ.

ಕ್ರೇಟಿಗೆ ಅಗಲ ಸಾಲ್ದಿದ್ರೆ ಚಕ್ರ ಬಿಚ್ಚಿ. ಇದನ್ನ ಯಾಕೋ ಯಾರೂ ಮಾಡಲ್ಲ! ಸಾಮಾನ್ಯವಾಗಿ 1/10 ಗಾಡಿಗೆ 7 ಎಂಎಂ ನಟ್ ಇರತ್ತೆ, ನಾಲ್ಕು ನಟ್ ಬಿಚ್ಚೋಕೆ ಎಷ್ಟು ಹೊತ್ತು, ಗಾಡಿ ಅಗಲ ಒಂದೇ ಸಲ ಇಳಿಯತ್ತೆ, ಎತ್ತರನೂ. ಒಂದೇ ಎಚ್ಚರ, ಚಕ್ರದ ಹಿಂದೆ ಇರೋ 12 ಎಂಎಂ ಹೆಕ್ಸ್ (ಚಕ್ರ ಕೂರೋ ಆರು ಮೂಲೆಯ ತುಂಡು) ಜಾರಿದ್ರೆ ಅದ್ರೊಳಗಿನ ಸಣ್ಣ ಪಿನ್ ಉದುರಿ ಹೋಗತ್ತೆ, ಆ ಪಿನ್ ಹೋದ್ರೆ ಆ ಚಕ್ರ ತಿರುಗಲ್ಲ. ಅದಕ್ಕೆ ಹೆಕ್ಸ್ ಜಾಗದಲ್ಲೇ ಕೂತಿರೋ ಹಾಗೆ ನಟ್ ವಾಪಸ್ ಹಾಕಿ ಕೈಯಲ್ಲೇ ಬಿಗಿ ಮಾಡಿ, ಎರಡು ಪಿನ್ ಟೂಲ್ ಡಬ್ಬೀಲೂ ಇಟ್ಕೊಳ್ಳಿ.

ಇನ್ನೊಂದು, ಹಿಂದೆ ಕ್ರೇಟ್ ಇದ್ದಾಗ ಕಾಲು ಹಿಂದಿನಿಂದ ಬೀಸಿ ಸೈಕಲ್ ಹತ್ತೋಕಾಗಲ್ಲ. ಸೈಕಲ್ ಸ್ವಲ್ಪ ವಾಲಿಸಿ ಮುಂದಿನಿಂದ ಕಾಲು ದಾಟ್ಸೋದು ಅಭ್ಯಾಸ ಮಾಡ್ಕೊಳ್ಳಿ, ಮಧ್ಯದ ಬಾರ್ ತಗ್ಗಿರೋ ಸೈಕಲ್ ಆದ್ರೆ ಆ ರಗಳೆನೇ ಇಲ್ಲ. ಕ್ರೇಟ್ ಮುಂದಕ್ಕೆ ಇದ್ರೆ ತೊಡೆಗೆ ತಾಗತ್ತೆ, ತೀರಾ ಹಿಂದಕ್ಕೆ ಹೋದ್ರೆ ಮುಂದಿನ ಚಕ್ರ ಹಗುರ ಆಗಿ ಏರಲ್ಲಿ ಹ್ಯಾಂಡಲ್ ಅಲ್ಲಾಡತ್ತೆ, ಆದಷ್ಟು ಹಿಂದಿನ ಆಕ್ಸಲ್ ಮೇಲೇ ಭಾರ ಬರೋ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲಾ ಯಾಕೆ, ಬೆನ್ನಿಗೆ ಹಾಕ್ಕೊಂಡು ಹೋದ್ರೆ ಆಗಲ್ವಾ?

ಉತ್ತರ: ಆಗತ್ತೆ, ಮೂರು ಕೆಜಿ ಒಳಗಿನ ಟ್ರಕ್ ಆದ್ರೆ ಒಂದು ಲೆಕ್ಕದಲ್ಲಿ ಅದೇ ಒಳ್ಳೇದು, ಹಳ್ಳದ ಏಟನ್ನ ನಿಮ್ಮ ಮೊಣಕಾಲು, ಸೊಂಟ ತಿಂದುಬಿಡತ್ತೆ, ಟ್ರಕ್‌ಗೆ ಹೋಗೋದು ಕಮ್ಮಿ. ಚಾಸಿಯ ತಳ ಸಪಾಟಾಗಿರತ್ತಲ್ಲ, ಆ ಕಡೆ ಬೆನ್ನಿಗೆ ಬರೋ ಹಾಗೆ ನಿಲ್ಲಿಸಿ, ನಡುವೆ ಒಂದು ಫೋಮ್ ಹಾಳೆ ಇರ್ಲಿ. ಬಂಪರ್, ಬಾಡಿ ಪೋಸ್ಟು ಬೆನ್ನ ಕಡೆ ಇದ್ರೆ ಬಿದ್ದಾಗ ಚುಚ್ಚತ್ತೆ. ಮೇಲೆ ಇಟ್ಟಷ್ಟೂ ಸೈಕಲ್ ತೊನೆಯತ್ತೆ, ಆದ್ರಿಂದ ಬ್ಯಾಗ್ ಪಟ್ಟಿ ಇಳಿಬಿಡ್ಬೇಡಿ, ಎದೆ ಪಟ್ಟಿ ಇದ್ರೆ ಹಾಕ್ಕೊಳ್ಳಿ.

ಪ್ರಶ್ನೆ: ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬೆಂಕಿ ಹತ್ಕೊಳ್ಳತ್ತೆ ಅಂತಾರೆ. ಸೈಕಲ್ಲಲ್ಲಿ ಕುಲುಕಾಡ್ತಾ ಒಯ್ಯೋದು ಸೇಫಾ? ಮನೇಲಿ ಹೆದರ್ಸ್ತಾ ಇದಾರೆ.

ಉತ್ತರ: ಮನೆಯವರು ಹೇಳೋದ್ರಲ್ಲಿ ಅರ್ಧ ನಿಜ. ಕುಲುಕಾಟದಿಂದ ಏನೂ ಆಗಲ್ಲ, ಅಪಾಯ ಇರೋದು ಚುಚ್ಚಿದ್ರೆ, ಜಜ್ಜಿದ್ರೆ, ಎರಡು ತುದಿ ಒಂದಕ್ಕೊಂದು ತಾಗಿ ಶಾರ್ಟ್ ಆದ್ರೆ. ಹೆಚ್ಚಿನ 1/10 ಗಾಡೀಲಿ ಹಾಕೋ 2ಎಸ್ (ಎರಡು ಸೆಲ್ಲಿನ, 7.4 ವೋಲ್ಟ್) 5000 ಎಂಎಎಚ್ ಪ್ಯಾಕ್‌ನಲ್ಲಿ 37 ವ್ಯಾಟ್-ಅವರ್ ಶಕ್ತಿ ಇರತ್ತೆ, ಅದು ಒಂದೇ ಸಲ ಹೊರಗೆ ಬಂದ್ರೆ ಸಣ್ಣ ಮಾತಲ್ಲ. ಹಂಗಾಗಿ ಬ್ಯಾಟರೀನ ಟ್ರಕ್‌ನಿಂದ ತೆಗೆದೇ ಒಯ್ಯಿರಿ, ಗಟ್ಟಿ ಪ್ಲಾಸ್ಟಿಕ್ ಕೇಸ್ ಇರೋ ಪ್ಯಾಕ್ ತಗೊಳ್ಳಿ, ಕನೆಕ್ಟರ್‌ಗೆ ಕ್ಯಾಪ್ ಹಾಕಿ, ಬೆಂಕಿ ತಡೆಯೋ ಚೀಲದಲ್ಲಿಟ್ಟು ಸ್ಪಾನರ್, ಸ್ಕ್ರೂಡ್ರೈವರ್ ಇರೋ ಡಬ್ಬಿಯಿಂದ ದೂರ ಇಡಿ. ಟ್ರಕ್ ಒಳಗೇ ಬಿಟ್ರೆ ಇನ್ನೊಂದು ತಾಪತ್ರಯ, ಸ್ವಿಚ್ ಆಫ್ ಇದ್ರೂ ಎಷ್ಟೋ ಇಎಸ್‌ಸಿಗಳು (ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋ ಸರ್ಕ್ಯೂಟ್) ಚೂರು ಚೂರು ಕರೆಂಟ್ ಎಳೀತಾನೇ ಇರ್ತವೆ, ದಾರೀಲಿ ಸ್ವಿಚ್ ತಾನೇ ಆನ್ ಆಗೋದೂ ಉಂಟು.

ಒಂದು ಸೆಲ್ ಫುಲ್ ಆದಾಗ 4.2 ವೋಲ್ಟ್, 3 ವೋಲ್ಟ್‌ಗಿಂತ ಕೆಳಗೆ ಇಳೀಬಾರ್ದು. ಇಎಸ್‌ಸಿ ಲೈಪೋ ಮೋಡ್‌ನಲ್ಲಿದೆಯಾ ನೋಡಿ, ಎನ್‌ಐಎಂಎಚ್ (ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ) ಮೋಡ್‌ನಲ್ಲಿದ್ರೆ ಅದು ಟೈಮಿಗೆ ಸರಿಯಾಗಿ ನಿಲ್ಸಲ್ಲ. ಮೈದಾನಕ್ಕೆ ಹೋಗಿ ಮಳೆ ಬಂದು ಓಡಿಸದೇ ವಾಪಸ್ ಬಂದ್ರೆ ಫುಲ್ ಚಾರ್ಜಲ್ಲೇ ವಾರಗಟ್ಲೆ ಇಡ್ಬೇಡಿ, ಚಾರ್ಜರ್‌ನಲ್ಲಿ ಸ್ಟೋರೇಜ್ ಅಂತ ಇರತ್ತೆ, ಸೆಲ್‌ಗೆ 3.8 ಹತ್ರ ತಂದು ಇಡತ್ತೆ. ಉಬ್ಬಿದ ಪ್ಯಾಕ್ ಆದ್ರೆ ಚಾರ್ಜೂ ಬೇಡ, ಸೈಕಲ್ ಸವಾರಿನೂ ಬೇಡ. ಇಷ್ಟೆಲ್ಲಾ ನೋಡ್ಕೊಳ್ಳೋಕಾಗಲ್ಲ ಅಂದ್ರೆ ಆರು ಸೆಲ್ಲಿನ 7.2 ವೋಲ್ಟ್ ಎನ್‌ಐಎಂಎಚ್ ಹಾಕಿ, ತೂಕ ಜಾಸ್ತಿ, ಜೋರು ಕಮ್ಮಿ, ಮನೆಯವರಿಗೆ ನಿದ್ದೆ ಬರತ್ತೆ.

ಪ್ರಶ್ನೆ: ಅಂಕಲ್, ಟ್ರಕ್ಕನ್ನ ಹೊತ್ಕೊಂಡು ಹೋಗೋದ್ ಯಾಕೆ, ನಾನು ಸೈಕಲ್ ತುಳೀತಾ ಪಕ್ಕದಲ್ಲೇ ಓಡ್ಸ್ಕೊಂಡು ಹೋಗ್ಬಹುದಲ್ಲ? (ಒಂಬತ್ತನೇ ಕ್ಲಾಸ್)

ಉತ್ತರ: ಬೇಡ ತಮ್ಮ. ಟ್ರಿಗರ್ ಒಂದು ಕೈಗೆ, ಸ್ಟೇರಿಂಗ್ ಗುಂಡಿ ಇನ್ನೊಂದು ಕೈಗೆ, ಬ್ರೇಕ್ ಹಿಡಿಯೋಕೆ ಯಾವ ಕೈ ಉಳೀತು? ಅಷ್ಟು ಚಿಕ್ಕ ಗಾಡಿ ರಸ್ತೇಲಿ ಬೇರೆಯವ್ರ ಕಣ್ಣಿಗೆ ಬೀಳಲ್ಲ, ತಪ್ಸೋಕೆ ಹೋಗಿ ಅವರು ಬೀಳ್ತಾರೆ. ಮೈದಾನ ಮುಟ್ಟೋಕೆ ಮುಂಚೆನೇ ಬ್ಯಾಟರಿ ಖಾಲಿ ಆಗಿರತ್ತೆ ಬೇರೆ.

ಪ್ರಶ್ನೆ: ಮೈದಾನಕ್ಕೆ ಹೋಗಿ ಆನ್ ಮಾಡಿದ್ರೆ ಗೇರಿನಿಂದ ಕರಕರ ಅಂತ ಸದ್ದು ಬರ್ತಿದೆ, ಮನೇಲಿ ಇರ್ಲಿಲ್ಲ. ದಾರೀಲಿ ಏನಾಗಿರಬಹುದು?

ಉತ್ತರ: ಮೋಟರ್ ಹಿಡಿದಿರೋ ಎರಡು ಸ್ಕ್ರೂ ಅದುರಿ ಸಡಿಲ ಆಗಿರತ್ತೆ, ಮೋಟರ್ ಒಂಚೂರು ಸರಿದ್ರೂ ಪಿನಿಯನ್‌ಗೂ (ಮೋಟರ್ ಮೇಲಿನ ಸಣ್ಣ ಗೇರ್) ಸ್ಪರ್ ಗೇರಿಗೂ (ಅದು ತಿರುಗ್ಸೋ ದೊಡ್ಡ ಗೇರ್) ಹಲ್ಲು ಸರಿಯಾಗಿ ಕೂರಲ್ಲ. ಹಾಗೇ ಓಡ್ಸಿದ್ರೆ ಪ್ಲಾಸ್ಟಿಕ್ ಸ್ಪರ್ ಗೇರ್ ನುಣ್ಣಗಾಗಿಬಿಡತ್ತೆ. ಎರಡು ಗೇರಿನ ಮಧ್ಯ ತೆಳು ಕಾಗದದ ಚೂರು ಸಿಗ್ಸಿ ಮೋಟರ್ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಗೇರ್ ತಿರುಗ್ಸಿ ಕಾಗದ ತೆಗೀರಿ, ಬೇಕಾದಷ್ಟು ಸಂದು ಉಳಿಯತ್ತೆ. ಮನೆಗೆ ಬಂದ ಮೇಲೆ ಆ ಸ್ಕ್ರೂಗೆ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಹಚ್ಚಿ, ಲೋಹಕ್ಕೆ ಲೋಹ ಸೇರೋ ಕಡೆ ಮಾತ್ರ, ಪ್ಲಾಸ್ಟಿಕ್ಕಿಗೆ ಹೋಗೋ ಸ್ಕ್ರೂಗೆ ಹಚ್ಚಿದ್ರೆ ಪ್ಲಾಸ್ಟಿಕ್ ಬಿರುಕು ಬಿಡತ್ತೆ. ಆಟ ಮುಗಿದ ಮೇಲೆ ಮೊದ್ಲು ಟ್ರಕ್ ಆಫ್ ಮಾಡಿ ಆಮೇಲೆ ರಿಮೋಟ್, ಮೋಟರ್ ಮುಟ್ಟೋಕಾಗೋಷ್ಟು ತಣ್ಣಗಾಗೋ ತನಕ ಕಾದು, ಅಂಟಿರೋ ಮಣ್ಣು ಬ್ರಶ್‌ನಲ್ಲಿ ಉದುರ್ಸಿ, ಆಮೇಲೆ ಕ್ರೇಟಿಗೆ ಇಡಿ.